ಭ್ರೂಣಕ್ಕೆ ಅಂಕ ಕೊಡುವವರು

2018ರಲ್ಲಿ ಸುಮಾರು 11 ಲಕ್ಷ ಜನರ ಡಿಎನ್‌ಎ ಜಾಲಾಡಿದ ಅಂತರರಾಷ್ಟ್ರೀಯ ತಂಡವೊಂದು, ಓದಿನ ಮಟ್ಟದೊಂದಿಗೆ ನಂಟಿರುವ 1,271 ತಾಣಗಳನ್ನು ಗುರುತಿಸಿತು. ಇಂಥ ಸುದ್ದಿಗೆ ‘ಬುದ್ಧಿವಂತಿಕೆಯ ಜೀನ್ ಸಿಕ್ಕಿತು’ ಎಂದು ತಲೆಬರಹ ಕೊಡುವುದು ಸುಲಭ. ಆದರೆ ತಂಡ ಮುಖ್ಯವಾಗಿ ಲೆಕ್ಕ ಹಾಕಿದ್ದು ಬುದ್ಧಿಯನ್ನಲ್ಲ, ಓದಿದ ವರ್ಷಗಳನ್ನು. ಲಕ್ಷಗಟ್ಟಲೆ ಜನರನ್ನು ಐಕ್ಯೂ ಪರೀಕ್ಷೆಗೆ ಕೂರಿಸುವುದು ಸುಲಭದ ಮಾತಲ್ಲ. ‘ಎಲ್ಲಿಯವರೆಗೆ ಓದಿದ್ದೀರಿ’ ಎಂಬ ಪ್ರಶ್ನೆಯಾದರೆ ಆರೋಗ್ಯ ಸಮೀಕ್ಷೆಯ ಫಾರಂಗಳಲ್ಲಿ ಸಾಮಾನ್ಯ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ತಾಣದ ತೂಕ ಕೆಲವೇ ವಾರಗಳ ಶಾಲೆಯಷ್ಟು. ಡಿಎನ್‌ಎ ಉದ್ದಕ್ಕೂ ಇರುವ ಲಕ್ಷಾಂತರ ತಾಣಗಳನ್ನು ಕೂಡಿಸಿ ಕಟ್ಟಿದ ಅಂಕವೂ, ಜನರ ನಡುವಿನ ಓದಿನ ವ್ಯತ್ಯಾಸದಲ್ಲಿ ವಿವರಿಸಿದ್ದು ಶೇ. 11ರಿಂದ 13ರಷ್ಟನ್ನು ಮಾತ್ರ. ಅದೂ ಯುರೋಪ್ ಮೂಲದವರಲ್ಲಿ. ಆಫ್ರಿಕನ್ ಅಮೆರಿಕನ್ನರಲ್ಲಿ ಅದು ಶೇ. 2ನ್ನೂ ಮುಟ್ಟಲಿಲ್ಲ.

ಈ ಅಂಕದೊಳಗೆ ಮನೆಯೂ ಅವಿತುಕೊಂಡಿದೆ. ತಂದೆತಾಯಿ ತಮ್ಮ ಡಿಎನ್‌ಎಯ ಅರ್ಧವನ್ನಷ್ಟೇ ಮಗುವಿಗೆ ದಾಟಿಸುತ್ತಾರೆ, ಇನ್ನರ್ಧ ಅವರಲ್ಲೇ ಉಳಿಯುತ್ತದೆ. ಅದೇ ವರ್ಷ ಐಸ್‌ಲ್ಯಾಂಡಿನ ಸಂಶೋಧಕರು ಆ ಉಳಿದ ಅರ್ಧವನ್ನು ಪರಿಶೀಲಿಸಿದಾಗ, ದಾಟಿದ ಅರ್ಧದ ಸುಮಾರು ಶೇ. 30ರಷ್ಟು ಪ್ರಭಾವ ಅದಕ್ಕೂ ಮಗುವಿನ ಓದಿನ ಮೇಲೆ ಇರುವುದು ಕಂಡಿತು. ಮಗುವಿನ ಮೈಯಲ್ಲೇ ಇಲ್ಲದ ಜೀನು ಅದರ ಮಿದುಳಿನಲ್ಲಿ ಕೆಲಸ ಮಾಡುವುದಾದರೂ ಹೇಗೆ? ಅದರ ಹಾದಿ ಹೊರಗಿನದು: ಹೆತ್ತವರ ಓದು, ಗಳಿಕೆ, ತಾಳ್ಮೆ, ಮನೆಯಲ್ಲಿ ಬಿದ್ದಿರುವ ಪುಸ್ತಕ. ‘ಹಣೆಬರಹ’ ನಮ್ಮ ನಾಲಿಗೆಯ ತುದಿಯಲ್ಲೇ ಇರುವ ಪದವಾದ್ದರಿಂದ, ಈ ಅಂಕವನ್ನು ತಪ್ಪಾಗಿ ಓದುವ ಅಪಾಯ ನಮಗೆ ತುಸು ಹೆಚ್ಚೇ.

ಹಾಗಾದರೆ ಈ ಸಂಶೋಧನೆಯನ್ನೇ ನಿಲ್ಲಿಸಬಾರದೇ ಎಂದು ಕೇಳುವವರಿದ್ದಾರೆ. ಅವರ ಭಯಕ್ಕೆ ಇತಿಹಾಸದ ಆಧಾರವಿದೆ, ಆದರೆ ಆ ಇತಿಹಾಸ ಹೇಳುವುದೇ ಬೇರೆ. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಪ್ಪಿಗೆಯೊಂದಿಗೆ ವರ್ಜೀನಿಯಾದಲ್ಲಿ ಕ್ಯಾರಿ ಬಕ್ ಎಂಬ ಯುವತಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ತಾಯಿ, ಮಗಳು, ಮೊಮ್ಮಗಳು ಮೂವರೂ ಬುದ್ಧಿಮಾಂದ್ಯರೆಂಬುದು ಕಾರಣ. ಕೆಳ ಕೋರ್ಟಿನ ವಿಚಾರಣೆಯ ವೇಳೆಗೆ ಮೊಮ್ಮಗಳು, ಅಂದರೆ ಕ್ಯಾರಿಯ ಮಗಳು ವಿವಿಯನ್‌ಗೆ ಇನ್ನೂ ವರ್ಷ ತುಂಬಿರಲಿಲ್ಲ. ಸಮಾಜಸೇವಕಿಯೊಬ್ಬಳಿಗೆ ಕೂಸಿನ ನೋಟ ಸರಿಯಿಲ್ಲ ಅನ್ನಿಸಿದ್ದೂ ಸಾಕ್ಷ್ಯವಾಯಿತು. ಅದೇ ವಿವಿಯನ್ 1931ರಲ್ಲಿ ತನ್ನ ಶಾಲೆಯ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿದ್ದಳು. ಮರುವರ್ಷ, ಎಂಟನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಆ ತೀರ್ಪಿಗೆ ಒಂದು ಜೀನನ್ನೂ ಯಾರೂ ನೋಡಿರಲಿಲ್ಲ. ಪೂರ್ವಗ್ರಹಕ್ಕೆ ಬೇಕಾದದ್ದು ವಿಜ್ಞಾನದ ರುಜು ಮಾತ್ರ, ವಿಜ್ಞಾನವಲ್ಲ. ಅಂಕದೊಳಗೆ ಮನೆ ಅವಿತಿದೆಯೆಂದು ನಮಗೆ ತೋರಿಸಿಕೊಟ್ಟದ್ದೂ ಇದೇ ಸಂಶೋಧನೆ ಎಂಬುದನ್ನು ಮರೆಯಬಾರದು. ತಡೆಯಬೇಕಾದದ್ದು ಹುಡುಕಾಟವನ್ನಲ್ಲ, ಗುಂಪಿನ ಸರಾಸರಿಯನ್ನು ಒಂದು ಜೀವದ ಕೊರಳಿಗೆ ಕಟ್ಟುವುದನ್ನು.

ಆ ಕಟ್ಟುವ ಕೆಲಸ ಶುರುವಾಗಿದೆ. ಐವಿಎಫ್ ಭ್ರೂಣಗಳನ್ನು ಇಂಥ ಅಂಕದ ಮೇಲೆ ಸಾಲುಗಟ್ಟಿಸಿ ಕೊಡುವ ಕಂಪನಿಗಳು ಅಮೆರಿಕದಲ್ಲಿವೆ. 2019ರ ಒಂದು ಲೆಕ್ಕಾಚಾರದ ಪ್ರಕಾರ, ಹತ್ತು ಭ್ರೂಣಗಳಲ್ಲಿ ಮೇಲಂಕದ್ದನ್ನು ಆರಿಸಿದರೆ ಸರಾಸರಿ ಲಾಭ ಸುಮಾರು 2.5 ಐಕ್ಯೂ ಅಂಕ. ಒಂದೇ ಮಗುವನ್ನು ಎರಡು ಸಲ ಪರೀಕ್ಷೆಗೆ ಕೂರಿಸಿದರೂ ಇದಕ್ಕಿಂತ ಹೆಚ್ಚು ಏರುಪೇರಾಗಬಹುದು. ಟ್ಯೂಷನ್ನಿಗೆ ದುಡ್ಡು ಸುರಿಯುವ ಪೋಷಕರನ್ನು ತಡೆಯದವರು ಇದನ್ನೇಕೆ ತಡೆಯಬೇಕು ಎಂಬ ವಾದ ಮೊದಲು ಕೇಳಿದಾಗ ಸರಿಯೆನಿಸುತ್ತದೆ. ಆದರೆ ಟ್ಯೂಷನ್ ಹಿಡಿಸದಿದ್ದರೆ ಬಿಡಿಸಬಹುದು. ಇಲ್ಲಿ ಆಯ್ಕೆಯೊಂದಿಗೆ ಕೇಳದ್ದೂ ಬರುತ್ತದೆ: ಹೆಚ್ಚು ಓದಿನ ಜತೆ ನಂಟಿರುವ ಜೀನ್ ರೂಪಗಳಲ್ಲಿ ಕೆಲವಕ್ಕೆ ಬೈಪೋಲಾರ್ ಕಾಯಿಲೆಯೊಂದಿಗೂ ನಂಟಿದೆ. ಮೇಲಾಗಿ, ಅಂಕ ನೋಡಿ ಆರಿಸಿದ ಮಗು ಗಣಿತದಲ್ಲಿ ಫೇಲಾದ ದಿನ ಅದನ್ನು ಮನೆಯವರು ಯಾವ ಕಣ್ಣಿನಿಂದ ನೋಡಿಯಾರು?

ನಮ್ಮ ದೇಶದ 2021ರ ಸಂತಾನೋತ್ಪತ್ತಿ ನೆರವು ಕಾಯ್ದೆ, ಭ್ರೂಣದ ಜೀನ್ ಪರೀಕ್ಷೆಯನ್ನು ಗೊತ್ತಿರುವ ಆನುವಂಶಿಕ ಕಾಯಿಲೆಗಳಿಗಷ್ಟೇ ಬಿಟ್ಟುಕೊಟ್ಟಿದೆ. ಗೆರೆ ಸರಿಯಾದ ಕಡೆಯೇ ಬಿದ್ದಿದೆ, ಕಡಿಮೆ ಅಂಕ ಕಾಯಿಲೆಯಲ್ಲ. ಆದರೆ ಭ್ರೂಣದ ಡಿಎನ್‌ಎ ಓದಿ ಮುಗಿದ ಮೇಲೆ ಅದು ಕಂಪ್ಯೂಟರಿನ ಒಂದು ಫೈಲ್. ಯುರೋಪಿಯನ್ನರನ್ನು ನೋಡಿ ಕಟ್ಟಿದ ಸೂತ್ರ ನಮ್ಮ ಮಕ್ಕಳ ವಿಷಯದಲ್ಲಿ ಇನ್ನೂ ಮಸುಕಾಗಿದ್ದರೂ, ಫೈಲನ್ನು ಸಾಗರದಾಚೆಗೆ ಕಳಿಸಿದರೆ ದಶಾಂಶ ಬಿಂದುವಿನ ಸಮೇತ ಒಂದು ಅಂಕ ವಾಪಸು ಬಂದೀತು.