ಪೇಟೆಂಟು ಏಜೆಂಟರ ವೃತ್ತಿನಿಯಂತ್ರಣ

ಭದ್ರಾವತಿಯ ಕಾರ್ಯಾಗಾರದಲ್ಲಾಗಲಿ ಶಿವಮೊಗ್ಗದ ಕಾಲೇಜು ಪ್ರಯೋಗಶಾಲೆಯಲ್ಲಾಗಲಿ ಹೊಸದೊಂದನ್ನು ಕಂಡುಹಿಡಿದವನು ಚೆನ್ನೈಯ ಪೇಟೆಂಟು ಕಚೇರಿಗೆ ತಾನೇ ಅರ್ಜಿ ಸಲ್ಲಿಸಬಹುದು. ಪರರಿಗಾಗಿ ಅದನ್ನು ವೃತ್ತಿಯಾಗಿ ನಡೆಸುವವನಿಗೆ ಮಾತ್ರ ನೋಂದಣಿ ಅವಶ್ಯಕ. 1970ರ ಪೇಟೆಂಟು ಅಧಿನಿಯಮದ 126ನೆಯ ಕಲಮಿನಂತೆ ಅವನು ವಿಜ್ಞಾನ ಅಥವಾ ತಂತ್ರಶಾಸ್ತ್ರದ ಪದವೀಧರನಾಗಿರಬೇಕು; ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಇಲ್ಲವೇ ಪೇಟೆಂಟು ಪರೀಕ್ಷಕನಾಗಿ 10 ವರ್ಷ ದುಡಿದಿರಬೇಕು. ವ್ಯಾಪಾರಮುದ್ರೆಯ ಏಜೆಂಟನಾಗಬಯಸಿ ಪರೀಕ್ಷೆಗೆ ಕೂರುವವನಿಗೆ ಯಾವ ವಿಷಯದ ಪದವಿಯಾದರೂ ಸಾಕು.

ಬಾಗಿಲಿಗೆ ಇಷ್ಟು ಕಾವಲಿದ್ದರೂ ಒಳಹೊಕ್ಕವನ ನಡತೆಯ ಮೇಲಿನ ಕಾವಲು ತೀರ ತೆಳುವೆಂದೇ ನಾವು ಭಾವಿಸುತ್ತೇವೆ. ಕಚೇರಿಯ ಪರೀಕ್ಷಾವರದಿಗೆ ಏಜೆಂಟನು ಅವಧಿಯೊಳಗೆ ಉತ್ತರಿಸದಿದ್ದರೆ ಅರ್ಜಿಯು ಪರಿತ್ಯಕ್ತವೆನಿಸುವುದು. ಊರಿನಲ್ಲಿರುವ ಸಂಶೋಧಕನಿಗೆ ಇದು ತಿಳಿಯುವುದು ಅನೇಕವೇಳೆ ಕೈಮೀರಿದ ಮೇಲೆ. 130ನೆಯ ಕಲಮಿನಂತೆ ದುರ್ವರ್ತನೆಗಾಗಿ ನಿಯಂತ್ರಕರು ಏಜೆಂಟನ ಹೆಸರನ್ನು ತೆಗೆದುಹಾಕಬಹುದಾದರೂ ವಕೀಲರ ಪರಿಷತ್ತಿನಂತಹ ಸಂಸ್ಥೆಯು ಈ ವೃತ್ತಿಗಿಲ್ಲ. ಇಂತಹುದೇ ಒಂದು ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2024ರಲ್ಲಿ ಏಜೆಂಟರಿಗೆ ನೀತಿಸಂಹಿತೆಯನ್ನು ರಚಿಸುವಂತೆ ಸೂಚಿಸಿತು.