ಗಡಿಯ ಬಸ್ಸೂ ವೀಸಾದ ಕಟ್ಟಳೆಯೂ

ಅಮೃತಸರಕ್ಕೂ ಲಾಹೋರಿಗೂ ನಡುವಣ ದೂರವು ಸುಮಾರು 50 ಕಿಲೋಮೀಟರು ಮಾತ್ರ. ಬೆಳಿಗ್ಗೆ ಹೊರಟು, ವ್ಯವಹಾರ ಮುಗಿಸಿ, ಸಂಜೆಗೆ ಮನೆ ಸೇರುತ್ತಿದ್ದವರಿಗೆ ಒಂದು ಕಾಲದಲ್ಲಿ ಅದು ಪ್ರಯಾಣವೆಂದೇ ತೋರುತ್ತಿರಲಿಲ್ಲ. ದೇಶವು ಒಡೆದ ಮೇಲೂ ಕೆಲವು ತಿಂಗಳು ಹೋಗಿಬರಲು ಯಾವ ಕಾಗದವೂ ಬೇಕಾಗಿರಲಿಲ್ಲ. 1948ರ ಜುಲೈಯಲ್ಲಿ ಭಾರತ ಸರ್ಕಾರವು ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ಟನ್ನು ವಿಧಿಸಿತು. ಅಕ್ಟೋಬರಿನಲ್ಲಿ ಪಾಕಿಸ್ತಾನವೂ ಅದನ್ನೇ ಮಾಡಿತು. 1952ರ ಅಕ್ಟೋಬರಿನಲ್ಲಿ ಪಾಸ್‌ಪೋರ್ಟು, ವೀಸಾಗಳ ಕಟ್ಟಳೆ ಬಂದಿತು. ಹೀಗೆ ಐದೇ ವರ್ಷಗಳಲ್ಲಿ ನೆರೆಮನೆಯು ಪರದೇಶವಾಯಿತು.

ಈ ಗಡಿಯನ್ನು 1999ರ ಫೆಬ್ರವರಿ 20ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು ಬಸ್ಸಿನಲ್ಲಿ ಕುಳಿತು ದಾಟಿದರು. ಮರುತಿಂಗಳಿನಿಂದ ದೆಹಲಿ-ಲಾಹೋರ್ ಬಸ್ಸು ಸಾಮಾನ್ಯ ಜನರಿಗೂ ದೊರೆಯಿತು. ಆದರೆ ಬಸ್ಸಿನ ಟಿಕೀಟು ಆಸನವನ್ನು ಕೊಡುವುದೇ ಹೊರತು ಪ್ರವೇಶವನ್ನು ಕೊಡುವುದಿಲ್ಲವೆಂಬ ಮಾತನ್ನು ಪ್ರಯಾಣಿಕನು ಮೊದಲು ತಿಳಿದಿರಬೇಕಾಗಿತ್ತು. ಗಡಿಯಲ್ಲಿ ಎಲ್ಲರೂ ಇಳಿದು, ಸುಂಕದವರಿಗೆ ಗಂಟುಮೂಟೆಯನ್ನೂ ಅಧಿಕಾರಿಗಳಿಗೆ ಕಾಗದಪತ್ರಗಳನ್ನೂ ತೋರಿಸಬೇಕಾಗಿತ್ತು. ವೀಸಾ ದೊರೆತರೂ ಅದು ಇಡೀ ದೇಶಕ್ಕೆ ಸಲ್ಲುತ್ತಿರಲಿಲ್ಲ. ಅದರಲ್ಲಿ ಹೆಸರಿಸಿದ ಊರುಗಳಿಗೆ ಮಾತ್ರ ಹೋಗಬಹುದಾಗಿತ್ತು. ಲಾಹೋರೆಂದು ಬರೆದ ವೀಸಾವನ್ನು ಹಿಡಿದು ಕರಾಚಿಯ ತಂಗಿಯ ಮನೆಗೆ ಹೋಗುವಂತಿರಲಿಲ್ಲ. ಊರು ಸೇರಿದೊಡನೆ ಪೋಲೀಸು ಠಾಣೆಯಲ್ಲಿ ಹಾಜರಿ ಕೊಡಬೇಕಾಗಿತ್ತು. 2012ರ ಸೆಪ್ಟೆಂಬರಿನ ಒಪ್ಪಂದವು ಈ ಬಿಗಿಯನ್ನು ತುಸು ಸಡಿಲಿಸಿ, ಊರುಗಳ ಸಂಖ್ಯೆಯನ್ನು ಮೂರರಿಂದ ಐದಕ್ಕೆ ಏರಿಸಿತು. 65 ವರ್ಷ ಮೀರಿದ ವೃದ್ಧರಿಗೆ ಅಟ್ಟಾರಿ-ವಾಘಾದಲ್ಲಿಯೇ 45 ದಿನಗಳ ವೀಸಾ ಕೊಡಬೇಕೆಂದೂ ಗೊತ್ತುಮಾಡಿತು.

ವೀಸಾ ಎಂಬುದು ಬರಿಯ ಮುದ್ರೆಯಲ್ಲವೆಂಬುದಕ್ಕೆ ಕಾಶ್ಮೀರದ ಬಸ್ಸೇ ಸಾಕ್ಷಿ. 2005ರ ಏಪ್ರಿಲ್ 7ರಂದು ಶ್ರೀನಗರ-ಮುಜಫರಾಬಾದ್ ಸಂಚಾರವು ಆರಂಭವಾದಾಗ ಅದಕ್ಕೆ ಪಾಸ್‌ಪೋರ್ಟನ್ನಾಗಲಿ ವೀಸಾವನ್ನಾಗಲಿ ಕೇಳಲಿಲ್ಲ. ಪ್ರತ್ಯೇಕ ಪರ್ಮಿಟ್ಟನ್ನು ಏರ್ಪಡಿಸಿದರು. ನಿಯಂತ್ರಣ ರೇಖೆಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆಯೊತ್ತಿದರೆ ಆ ರೇಖೆಯನ್ನು ಅಂತರರಾಷ್ಟ್ರೀಯ ಗಡಿಯೆಂದು ಒಪ್ಪಿಕೊಂಡಂತಾಗುವುದೆಂಬ ಅಂಜಿಕೆಯಿತ್ತು.

ನಮ್ಮ ನಾಡಿಗೂ ಈ ಬಸ್ಸಿನ ಋಣಾನುಬಂಧವುಂಟು. 2001ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಮೇಲೆ ನಡೆದ ದಾಳಿಯ ನಂತರ ನಿಂತುಹೋದ ಲಾಹೋರಿನ ಬಸ್ಸು 2003ರ ಜುಲೈ 11ರಂದು ಪುನಃ ಹೊರಟಿತು. ಅದರಲ್ಲಿ ಹೃದಯದ ಕಾಯಿಲೆಯ ಪುಟ್ಟ ಹೆಣ್ಣುಮಗುವೊಂದು ತಂದೆತಾಯಿಯರೊಡನೆ ಬಂದು, ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಶಸ್ತ್ರಚಿಕಿತ್ಸೆ ಪಡೆದು ಬದುಕಿಕೊಂಡಿತು. ಕನ್ನಡಿಗರು ಆ ಕೂಸಿನ ಪಾಸ್‌ಪೋರ್ಟಿನ ಬಣ್ಣವನ್ನು ನೋಡಲಿಲ್ಲ.

ಆ ಬಸ್ಸು 2019ರ ಆಗಸ್ಟಿನಲ್ಲಿ ಮತ್ತೆ ನಿಂತಿತು. 2025ರ ಏಪ್ರಿಲ್ 22ರಂದು ಪಹಲ್‌ಗಾಮಿನಲ್ಲಿ ನಿರಪರಾಧಿಗಳ ಕೊಲೆಯಾದ ಮರುದಿನ ಭಾರತ ಸರ್ಕಾರವು ಅಟ್ಟಾರಿಯ ದ್ವಾರವನ್ನು ಮುಚ್ಚಲು ಗೊತ್ತುಮಾಡಿ, ಬಳಿಕ ಪಾಕಿಸ್ತಾನದವರಿಗೆ ಕೊಟ್ಟಿದ್ದ ವೀಸಾಗಳನ್ನು ರದ್ದುಪಡಿಸಿತು. ಚಿಕಿತ್ಸೆಯ ವೀಸಾಗಳಿಗೆ 29ರವರೆಗೆ ಮಾತ್ರ ಅವಕಾಶವಿತ್ತು. ಮದುವೆಯಾಗಿ ಅತ್ತ ನೆಲಸಿದ್ದರೂ ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡಿದ್ದ ಕೆಲವು ತಾಯಂದಿರನ್ನು ಅಂದು ಗಡಿಯಲ್ಲಿ ತಡೆದರು. ಪಾಕಿಸ್ತಾನದ ಪಾಸ್‌ಪೋರ್ಟಿದ್ದ ಅವರ ಮಕ್ಕಳಿಗೆ ಹೋಗಲು ಅಡ್ಡಿಯಿರಲಿಲ್ಲ.

ಗಡಿಯನ್ನು ಮುಚ್ಚುವ ಅಧಿಕಾರವು ಸರ್ಕಾರಕ್ಕೆ ಇದೆ. ತನ್ನ ಪ್ರಜೆಗಳ ರಕ್ತ ಹರಿದಾಗ ಅದನ್ನು ಚಲಾಯಿಸುವುದು ತಪ್ಪಲ್ಲ. ವೀಸಾ ಎಂಬುದು ಹಕ್ಕಲ್ಲ, ಅನುಮತಿ, ಕೊಟ್ಟವರು ಹಿಂತೆಗೆದುಕೊಳ್ಳಬಹುದು. ಆದರೆ ಶಸ್ತ್ರಚಿಕಿತ್ಸೆಗೆ ಕಾದ ಕೂಸೂ ಮಕ್ಕಳಿಂದ ಅಗಲಿದ ತಾಯಿಯೂ ಯಾರ ಮೇಲೂ ಶಸ್ತ್ರವೆತ್ತಿದವರಲ್ಲ. ಇಂಥವರ ಪಾಡು ಆಯಾ ದಿನದ ಅಧಿಕಾರಿಯ ದಯೆಗೆ ಬಿದ್ದಿರಬಾರದು. ಗಡಿ ಮುಚ್ಚಿದಾಗಲೂ ಅವರಿಗೊಂದು ಕಿರುಬಾಗಿಲನ್ನು ಕಟ್ಟಳೆಯಲ್ಲಿಯೇ ಬರೆದಿಡುವುದು ನ್ಯಾಯ. ಹೆಬ್ಬಾಗಿಲಿಗೆ ಅಗುಳಿ ಹಾಕುವ ಮನೆಯಲ್ಲಿಯೂ ದಿಡ್ಡಿಬಾಗಿಲೊಂದು ಇರುವುದು.