ಗಾಯಾಳುವನ್ನು ಎತ್ತುವ ಕೈಗೆ ಕಾನೂನಿನ ಅಭಯ

ರಸ್ತೆ ಸುರಕ್ಷತೆಯ ಮಾತು ಬಂದೊಡನೆ ನಮ್ಮ ನೆನಪಿಗೆ ಬರುವುದು ಹೆಲ್ಮೆಟ್ಟು ಮತ್ತು ದಂಡ. 1988ರ ಮೋಟಾರು ವಾಹನ ಕಾಯಿದೆಗೆ ಕೇಂದ್ರ ಸರ್ಕಾರವು 2019ರಲ್ಲಿ ತಂದ ತಿದ್ದುಪಡಿಯಿಂದ ದಂಡಗಳು ಏರಿದುದೇನೋ ನಿಜ. ಹೆಲ್ಮೆಟ್ಟಿಲ್ಲದವನಿಗೆ ಅಲ್ಲಿ ಗೊತ್ತುಪಡಿಸಿದ 1,000 ರೂಪಾಯಿಯನ್ನು ನಮ್ಮ ರಾಜ್ಯದವರು ಕೂಡಲೇ 500ಕ್ಕೆ ಇಳಿಸಿದರು. ಈ ಗದ್ದಲದಲ್ಲಿ ಅದೇ ತಿದ್ದುಪಡಿಯ ಇನ್ನೊಂದು ಕಲಮು ಬಹುಮಂದಿಯ ಕಣ್ಣಿಗೆ ಬೀಳಲೇ ಇಲ್ಲ. ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ನನ್ನ ಉದ್ದೇಶ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಎಂದರೆ ದಿನವೊಂದಕ್ಕೆ 460ಕ್ಕೂ ಹೆಚ್ಚು. ಇವರೆಲ್ಲರೂ ಬಿದ್ದಲ್ಲಿಯೇ ಸತ್ತವರಲ್ಲ. ಸುತ್ತಲೂ ಜನ ನೆರೆದಿರುವಾಗಲೇ ರಕ್ತ ಸೋರಿ ಪ್ರಾಣಬಿಡುವವರುಂಟು. ಪೆಟ್ಟು ಬಿದ್ದ ಮೊದಲ ಒಂದು ಗಂಟೆಯಲ್ಲಿ ಚಿಕಿತ್ಸೆ ದೊರೆತರೆ ಬದುಕುವ ಸಂಭವ ಹೆಚ್ಚು; ಕಾಯಿದೆಯೇ ಅದಕ್ಕೆ ‘ಸುವರ್ಣ ಗಂಟೆ’ ಎಂದು ಹೆಸರಿಟ್ಟಿದೆ.

ನಮ್ಮ ಹುಳಿಮಾವಿನ ಪಕ್ಕದ ಬನ್ನೇರುಘಟ್ಟ ರಸ್ತೆಯಲ್ಲಿ ದೊಡ್ಡ ಆಸ್ಪತ್ರೆಗಳಿಗೇನೂ ಕೊರತೆಯಿಲ್ಲ. ಆದರೂ ಬಿದ್ದವನನ್ನು ಆಟೋಗೆ ಹತ್ತಿಸಲು ಜನ ಹಿಂಜರಿಯುವರು. ಶಾಲೆಯ ಮೆಟ್ಟಿಲನ್ನೇ ಹತ್ತದ ನಮ್ಮ ತಾಯಿ, “ಎಲ್ಲಾದ್ರೂ ಆಕ್ಸಿಡೆಂಟ್ ಆಗಿದ್ರೆ ಹತ್ರ ಹೋಗ್ಬೇಡ ಕಣಪ್ಪಾ, ಆಮೇಲೆ ಪೊಲೀಸು, ಕೋರ್ಟು ಅಂತ ಅಲೀಬೇಕಾಗುತ್ತೆ” ಎಂದು ನನಗೆ ಹೇಳುವುದುಂಟು. ಇದನ್ನು ನಿರ್ದಯೆ ಎನ್ನಲಾರೆ. ಕೂಲಿಯವನು ಒಂದು ದಿನ ಠಾಣೆಯಲ್ಲಿ ಕುಳಿತರೆ ಆ ದಿನದ ಗಂಜಿಗೆ ಸಂಚಕಾರ. ಓದಿದವರೂ ಇದೇ ಅಂಜಿಕೆಯಿಂದ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಲ್ಲುವರು. ಅವರಿಗೆ ನಾನು ಅಷ್ಟು ರಿಯಾಯಿತಿ ಕೊಡಲಾರೆ.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹವೇ ಎರಡು ತುಂಡಾದ ಹರೀಶ್ ಎಂಬ ತರುಣರು, ತಮ್ಮ ಅಂಗಗಳನ್ನು ದಾನಮಾಡಿರೆಂದು ಬೇಡಿ ಅಸುನೀಗಿದರು. ಅವರ ಕಣ್ಣುಗಳು ದಾನವಾದುವು. ಅವರ ಹೆಸರನ್ನಿಟ್ಟು ರಾಜ್ಯ ಸರ್ಕಾರ ಅದೇ ವರ್ಷ ಆರಂಭಿಸಿದ ಯೋಜನೆಯಲ್ಲಿ, ಗಾಯಾಳುವಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗಾಗಿ 25,000 ರೂಪಾಯಿಗಳವರೆಗೆ ವೆಚ್ಚ ಕೊಡುವ ಏರ್ಪಾಡಾಯಿತು. ಅದೇ ಮಾರ್ಚ್ 30ರಂದು, ನೆರವಾದವರನ್ನು ಪೀಡಿಸಬಾರದೆಂಬ ಕೇಂದ್ರದ ಸೂಚನೆಗಳಿಗೆ ಸುಪ್ರೀಂ ಕೋರ್ಟು ಕಾನೂನಿನ ಬಲವನ್ನು ಕೊಟ್ಟಿತು.

ಆ ಬಲವೇ 2019ರ ತಿದ್ದುಪಡಿಯಲ್ಲಿ 134ಎ ಕಲಮಾಗಿ ಬಂದಿತು. ಬೈಬಲ್ಲಿನ ಸಮಾರ್ಯದವನ ಕಥೆಯಿಂದ ಹೆಸರು ಪಡೆದ ‘ಗುಡ್ ಸಮಾರಿಟನ್’, ಎಂದರೆ ಪ್ರತಿಫಲ ಬಯಸದೆ ಸದುದ್ದೇಶದಿಂದ ನೆರವಾದವನು, ಗಾಯಾಳು ತೀರಿಕೊಂಡರೂ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆಗೆ ಗುರಿಯಾಗನು. 2020ರ ನಿಯಮಗಳ ಪ್ರಕಾರ ಅವನ ಹೆಸರು, ವಿಳಾಸಗಳನ್ನು ಬಲವಂತದಿಂದ ಕೇಳುವಂತಿಲ್ಲ. ತಾನಾಗಿ ಸಾಕ್ಷಿ ಹೇಳಲು ಒಪ್ಪಿದರೆ ಮಾತ್ರ ವಿಚಾರಣೆ.

ಇನ್ನು ಹಣದ ಮಾತು. ಸುವರ್ಣ ಗಂಟೆಯ ಚಿಕಿತ್ಸೆಗೆ ಯೋಜನೆ ಮಾಡಬೇಕೆಂದು ಅದೇ ತಿದ್ದುಪಡಿಯ 162ನೆಯ ಕಲಮು ಹೇಳಿದ್ದರೂ, ಅದು ಹೊರಬಂದುದು 2025ರ ಮೇ ತಿಂಗಳಿನಲ್ಲಿ, ಅದೂ ಸುಪ್ರೀಂ ಕೋರ್ಟು ಒತ್ತಾಯಿಸಿದ ಮೇಲೆ. ಅದರಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ, 1,50,000 ರೂಪಾಯಿ ಮೀರದಂತೆ, ರೋಗಿಯಿಂದ ಹಣ ಪಡೆಯದೆ ಚಿಕಿತ್ಸೆ ನಡೆಯಬೇಕು.

ನೆರವಾದವನ ಹಕ್ಕುಗಳನ್ನು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಗಳಲ್ಲಿ ಬರೆದು ಆಸ್ಪತ್ರೆಯ ಬಾಗಿಲಲ್ಲಿ ಹಾಕಬೇಕೆಂಬುದೂ ನಿಯಮ. ಮುಂದಿನ ಸಲ ಯಾವುದಾದರೂ ಆಸ್ಪತ್ರೆಗೆ ಹೋದಾಗ ಮಿತ್ರರು ಆ ಫಲಕ ಅಲ್ಲಿದೆಯೇ ಎಂದು ನೋಡಬಹುದು. ಇಲ್ಲದಿದ್ದರೆ ಎಲ್ಲಿ ಎಂದು ಕೇಳಲೂಬಹುದು.